ಗರ್ಭಪರೀಕ್ಷೆಯ ಚರಿತ್ರೆ

ಬಯಸಿ ಬಂದ ಗರ್ಭದ ವಾರ್ತೆಯು ಮನೆಗೆ ಹಬ್ಬವನ್ನು ತರುವುದು. ಎಣಿಸದೆ ಬಂದ ಅದೇ ವಾರ್ತೆಯು ಸ್ತ್ರೀಯ ನಿದ್ರೆಯನ್ನು ಕೆಡಿಸುವುದು. ಮುಟ್ಟು ನಿಂತಂದಿನಿಂದ ಗರ್ಭವು ನಿಶ್ಚಯವಾಗುವವರೆಗಿನ ಸಂದೇಹದ ಕಾಲವನ್ನು ಮನುಷ್ಯರು ಹೇಗೆ ಕಡಮೆ ಮಾಡುತ್ತ ಬಂದರು, ಹಾಗೆ ತಿಳಿದುದನ್ನು ಮೊದಲು ಯಾರಿಗೆ ತಿಳಿಸಿದರು, ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಪುರಾತನ ಈಜಿಪ್ಟಿನ ವೈದ್ಯಗ್ರಂಥಗಳಲ್ಲಿ ಒಂದು ಪರೀಕ್ಷೆಯು ಹೇಳಲ್ಪಟ್ಟಿದೆ. ಗೋಧಿಯ ಮೇಲೂ ಜವೆಗೋಧಿಯ ಮೇಲೂ ಸ್ತ್ರೀಯು ಪ್ರತಿದಿನವೂ ತನ್ನ ಮೂತ್ರವನ್ನು ಹೊಯ್ಯತಕ್ಕದ್ದು. ಮೊಳಕೆ ಬಂದರೆ ಆಕೆ ಗರ್ಭಿಣಿ. ಇದು ಬರಿಯ ಮೂಢನಂಬಿಕೆಯೆಂದು ನಗುವಂತಿಲ್ಲ. 1963ರಲ್ಲಿ ಇದನ್ನು ಪ್ರಯೋಗಿಸಿ ನೋಡಿದಾಗ, ಗರ್ಭಿಣಿಯರ ಮೂತ್ರದಿಂದ ನೂರಕ್ಕೆ ಸುಮಾರು 70 ಸಲ ಮೊಳಕೆಯೊಡೆಯಿತು. ಮೊಳೆತ ಧಾನ್ಯವನ್ನು ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಭಾಗವು ಮಾತ್ರ ಸುಳ್ಳಾಯಿತು.

ಶಾಸ್ತ್ರೀಯವಾದ ಪರೀಕ್ಷೆಯು 1928ರ ಸುಮಾರಿಗೆ ಬರ್ಲಿನ್ನಿನಲ್ಲಿ ಹುಟ್ಟಿತು. ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ವೈದ್ಯರು, ಗರ್ಭಿಣಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದರೆ ಅವುಗಳ ಅಂಡಾಶಯವು ಅಕಾಲದಲ್ಲಿ ಪಕ್ವವಾಗುವುದೆಂದು ಕಂಡುಹಿಡಿದರು. ಫಲಿತಾಂಶಕ್ಕಾಗಿ ಕೆಲವು ದಿನ ಕಾದು, ಇಲಿಗಳನ್ನು ಕೊಂದು ನೋಡಬೇಕಾಗಿತ್ತು. 1931ರಲ್ಲಿ ಅಮೆರಿಕೆಯ ಫ್ರೀಡ್‌ಮನ್ ಇಲಿಗಳಿಗೆ ಬದಲಾಗಿ ಮೊಲವನ್ನು ಬಳಸಿದನು. ಅದೇ ದಶಕದಲ್ಲಿ ದಕ್ಷಿಣ ಆಫ್ರಿಕೆಯ ಒಂದು ಜಾತಿಯ ಕಪ್ಪೆಯು ಇದೇ ಕೆಲಸಕ್ಕೆ ಬಂದಿತು. ಅದು ಒಂದು ದಿನದೊಳಗೆ ಮೊಟ್ಟೆಯಿಟ್ಟು ಉತ್ತರ ಕೊಡುತ್ತಿತ್ತು, ಪ್ರಾಣವನ್ನೂ ಕಳೆದುಕೊಳ್ಳುತ್ತಿರಲಿಲ್ಲ.

ಇಷ್ಟಾದರೂ ಒಂದು ಸಂಗತಿಯು ಬದಲಾಗಲಿಲ್ಲ. 1929ರಲ್ಲಿ ಎಡಿನ್‌ಬರೋದಲ್ಲಿ ಏರ್ಪಟ್ಟ ಗರ್ಭನಿರ್ಣಯಶಾಲೆಯು ವೈದ್ಯರು ಕಳುಹಿಸಿದುದನ್ನು ಪರೀಕ್ಷಿಸಿ ವೈದ್ಯರಿಗೇ ಉತ್ತರ ಬರೆಯುತ್ತಿತ್ತು. ಯಾರ ದೇಹದ ವಾರ್ತೆಯೋ ಆಕೆಯೇ ಅದನ್ನು ಕೊನೆಗೆ ಕೇಳುವವಳಾಗಿದ್ದಳು.

1960ರಲ್ಲಿ ಸ್ವೀಡನ್ನಿನ ವೈಡ್ ಮತ್ತು ಗೆಮ್‌ಝೆಲ್ ಎಂಬವರು ಜೀವಂತ ಪ್ರಾಣಿಗಳ ಆವಶ್ಯಕತೆಯಿಲ್ಲದೆ ಗಾಜಿನ ನಳಿಗೆಯಲ್ಲಿಯೇ ಪರೀಕ್ಷಿಸುವ ಕ್ರಮವನ್ನು ತಂದರು. 1967ರಲ್ಲಿ ಅಮೆರಿಕೆಯ ಆರ್ಗನಾನ್ ಕಂಪೆನಿಯಲ್ಲಿ ವಿನ್ಯಾಸಗಾರ್ತಿಯಾಗಿದ್ದ ಮಾರ್ಗರೆಟ್ ಕ್ರೇನ್ ಎಂಬಾಕೆ ಅಂತಹ ನಳಿಗೆಗಳ ಸಾಲನ್ನು ಕಂಡು, ಇದನ್ನು ಹೆಂಗಸರು ಮನೆಯಲ್ಲಿಯೇ ಏಕೆ ಮಾಡಿಕೊಳ್ಳಬಾರದೆಂದು ಯೋಚಿಸಿ, ಸಣ್ಣ ಪೆಟ್ಟಿಗೆಯೊಂದರಲ್ಲಿ ನಳಿಗೆ, ಕನ್ನಡಿ, ಹನಿಗೊಳವೆಗಳನ್ನು ಹೊಂದಿಸಿದಳು. ವೈದ್ಯರ ಕೆಲಸ ಕೆಡುವುದೆಂದೂ, ಎಣಿಸದ ಗರ್ಭವನ್ನು ಒಂಟಿಯಾಗಿ ತಿಳಿದ ಹುಡುಗಿಯು ಪ್ರಾಣಕ್ಕೆ ಕೇಡು ತಂದುಕೊಂಡಾಳೆಂದೂ ಆಕ್ಷೇಪಗಳು ಎದ್ದುವು. ಪೆಟ್ಟಿಗೆಯು 1971ರಲ್ಲಿ ಕೆನಡಾದಲ್ಲಿಯೂ 1977ರಲ್ಲಿ ಅಮೆರಿಕೆಯಲ್ಲಿಯೂ ಮಾರಾಟಕ್ಕೆ ಬಂದಿತು. ಕ್ರೇನಳು ತನ್ನ ಹಕ್ಕನ್ನು ಬರೆದುಕೊಟ್ಟುದು ಒಂದು ಡಾಲರಿಗೆ!

ಆ ಎರಡನೆಯ ಆಕ್ಷೇಪವನ್ನು ಹಗುರವಾಗಿ ತಳ್ಳಲಾಗದು. ಆದರೆ ಹೆಣ್ಣಿನ ಎದೆಯೊಡೆಯುವುದು ತಿಳಿವಳಿಕೆಯಿಂದಲ್ಲ, ತಿಳಿದ ಮೇಲೆ ಹೇಳಿಕೊಳ್ಳಲು ಯಾರೂ ಇಲ್ಲದಿರುವುದರಿಂದ. ಬೇಗ ತಿಳಿದವಳಿಗೆ ಯೋಚಿಸಲು ಕಾಲಾವಕಾಶವಾದರೂ ದೊರೆಯುವುದು. ಗರ್ಭವನ್ನು ಉಳಿಸಿಕೊಳ್ಳುವವಳಿಗೆ ಮೊದಲಿನಿಂದಲೂ ಶುಶ್ರೂಷೆ ಸಿಗುವುದು. ಉಳಿಸಿಕೊಳ್ಳಲಾರದವಳಿಗೂ ಕಾಲವೇ ಮುಖ್ಯ. ಭಾರತದ 1971ರ ಗರ್ಭಪಾತ ಕಾಯಿದೆಯು ವಾರಗಳ ಲೆಕ್ಕದ ಮೇಲೆ ನಿಂತಿದೆ. ಅದರಂತೆ ವಯಸ್ಕಳಾದವಳ ಸಮ್ಮತಿಯೇ ಬೇಕಾದುದು, ಪತಿಯದಲ್ಲ. ಆ ಕಾಯಿದೆಯ ಸೌಲಭ್ಯದಲ್ಲಿ ಅವಿವಾಹಿತೆಗೂ ವಿವಾಹಿತೆಗೂ ಭೇದವಿರಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು.

ಇಂದು ಔಷಧದಂಗಡಿಯ ಚಿಕ್ಕ ಪಟ್ಟಿಯು ಕೆಲವು ನಿಮಿಷಗಳಲ್ಲಿ ಉತ್ತರ ಕೊಡುವುದು. ಸರಕಾರವು ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರ ಮೂಲಕ ಒದಗಿಸುವ ಇಂತಹ ಪಟ್ಟಿಗೆ ‘ನಿಶ್ಚಯ’ವೆಂದೇ ಹೆಸರು. ಎರಡು ಗೆರೆಗಳು ಮೂಡಿದರೆ ಗರ್ಭವೆಂದರ್ಥ. ಆಮೇಲೆ ವೈದ್ಯರಲ್ಲಿ ದೃಢಪಡಿಸಿಕೊಳ್ಳುವುದು ಯುಕ್ತ. ಆದರೆ ಆ ಗೆರೆಗಳು ಧೈರ್ಯವನ್ನು ಹೇಳಲಾರವು. ಮಗಳೋ ಸೊಸೆಯೋ ನಡುಗುವ ದನಿಯಲ್ಲಿ ಈ ವಾರ್ತೆಯನ್ನು ತಂದಾಗ, ‘ಹೇಗಾಯಿತು?’ ಎಂದು ವಿಚಾರಣೆಗೆ ತೊಡಗದೆ, ‘ಈಗ ನಿನಗೇನು ಬೇಕು?’ ಎಂದು ಕೇಳುವ ಹಿರಿಯರು ಮನೆಯಲ್ಲಿರಬೇಕು. ಆ ಕೆಲಸವು ಇಂದಿಗೂ ಮನೆಯವರದೇ ಆಗಿದೆ.