ವಂಶವೃತ್ತಾಂತವೂ ನೆರೆಮನೆಯ ಕಡತಗಳೂ

ಶ್ರಾದ್ಧಕಾಲದಲ್ಲಿ ನಾವು ತಂದೆ, ತಾತ, ಮುತ್ತಾತ ಎಂಬ ಮೂರು ತಲೆಯವರ ಹೆಸರನ್ನು ಹೇಳಿ ಪಿಂಡವನ್ನಿಡುತ್ತೇವೆ. ಅಭಿವಾದನಮಾಡುವಾಗ ಪ್ರವರವನ್ನು ಹೇಳಿ ಗೋತ್ರಪ್ರವರ್ತಕರಾದ ಋಷಿಗಳವರೆಗೆ ಹೋಗುತ್ತೇವೆ. ಆ ಮೊದಲ ಋಷಿಗಳಿಗೂ ಈ ಕೊನೆಯ ಮೂವರಿಗೂ ನಡುವೆ ಬಾಳಿದವರು ಯಾರು, ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾವ ವೃತ್ತಿಯಿಂದ ಜೀವಿಸಿದರು ಎಂದು ಕೇಳಿದರೆ ಬಹುಮಂದಿ ಸುಮ್ಮನಾಗುವರು. ಪ್ರವರವನ್ನು ಹೇಳದ ಕುಲಗಳಲ್ಲಿಯೂ ಇದೇ ಸ್ಥಿತಿ. ಬೆಡಗು, ಬಳಿ, ಮನೆದೇವರು ಇವುಗಳ ಹೆಸರು ತಿಳಿದಿರುತ್ತದೆ. ಮುತ್ತಾತನ ತಂದೆಯ ಹೆಸರು ತಿಳಿದಿರುವುದಿಲ್ಲ. ಈ ನಡುವಣ ಕತ್ತಲೆಗೆ ದೀಪ ಹಿಡಿಯುವ ಪ್ರಯತ್ನವೇ ವಂಶವೃತ್ತಾಂತದ ಶೋಧನೆ. ಆ ದೀಪಕ್ಕೆ ಬೇಕಾದ ಎಣ್ಣೆಯು ನಮ್ಮ ಮನೆಯಲ್ಲಿರುವುದಕ್ಕಿಂತ ಹೆಚ್ಚಾಗಿ ನೆರೆಮನೆಯಲ್ಲಿರುವುದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮನೆಯ ಐತಿಹ್ಯವನ್ನು ವಿಚಾರಿಸೋಣ. ೧೫೬೫ರಲ್ಲಿ ರಕ್ಕಸತಂಗಡಿಯ ಯುದ್ಧವಾಗಿ ವಿಜಯನಗರವು ಹಾಳಾದಾಗ ನಮ್ಮವರು ಇತ್ತ ಬಂದರೆಂದು ಹೇಳಿಕೊಳ್ಳುವ ಮನೆತನಗಳು ನಮ್ಮ ನಾಡಿನಲ್ಲಿ ಅನೇಕವಾಗಿವೆ. ಅದೆಲ್ಲವೂ ಸುಳ್ಳೆಂದು ಹೇಳಲಾಗದು. ಆದರೆ ಆ ಯುದ್ಧವು ಎಲ್ಲರಿಗೂ ತಿಳಿದ ಸಂಗತಿಯಾದುದರಿಂದ, ಅದಕ್ಕೆ ಹಿಂದೆ ಬಂದವರೂ ಎಷ್ಟೋ ಕಾಲದ ಮೇಲೆ ಬಂದವರೂ ತಮ್ಮ ಕಥೆಯನ್ನು ಅದೇ ಗೂಟಕ್ಕೆ ಕಟ್ಟಿಹಾಕುವುದು ಸಹಜ. ಐತಿಹ್ಯವು ದಾರಿಯ ಕೈಮರವಿದ್ದಂತೆ. ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಅದು ಹೇಳಬಲ್ಲುದು. ಕೈಮರವನ್ನೇ ಊರೆಂದು ತಿಳಿದು ಅಲ್ಲಿಯೇ ಬಿಡಾರ ಮಾಡಿದವರು ಊರನ್ನು ಸೇರಲಾರರು.

ಮನೆಯಲ್ಲಿ ಹಳೆಯ ಬರಹಗಳು ದೊರೆತ ಮೇಲೂ ತೊಡಕು ತಪ್ಪುವುದಿಲ್ಲ. ಹಿಂದಿನವರು ಎಷ್ಟೋ ಪತ್ರಗಳಲ್ಲಿ ಶಕವರ್ಷವನ್ನು ಬರೆಯದೆ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಮಾತ್ರ ಬರೆದಿಟ್ಟರು. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುವು. ಶ್ರೀರಂಗಪಟ್ಟಣವು ಬಿದ್ದ ೧೭೯೯ನೆಯ ಇಸವಿಯು ಸಿದ್ಧಾರ್ಥಿ. ೧೮೫೯, ೧೯೧೯, ೧೯೭೯ ಇವೂ ಸಿದ್ಧಾರ್ಥಿಗಳೇ. ಗತಶಕವರ್ಷಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವಾದಿಯಾಗಿ ಎಣಿಸಿದ ಸಂವತ್ಸರದ ಸಂಖ್ಯೆ. ೧೭೨೧ಕ್ಕೆ ೧೨ ಸೇರಿಸಿದರೆ ೧೭೩೩, ಅದನ್ನು ೬೦ರಿಂದ ಭಾಗಿಸಿದರೆ ಶೇಷ ೫೩, ಐವತ್ತಮೂರನೆಯದು ಸಿದ್ಧಾರ್ಥಿ. ಶೇಷವು ಉಳಿಯದಿದ್ದರೆ ಅದು ಅಕ್ಷಯ. ಶಕದಿಂದ ಸಂವತ್ಸರಕ್ಕೆ ಬರುವುದು ಹೀಗೆ ಸುಲಭ; ಸಂವತ್ಸರದಿಂದ ಶಕಕ್ಕೆ ಹೋಗುವಾಗ ಮಾತ್ರ ದಾರಿಯು ಕವಲೊಡೆಯುತ್ತದೆ.

ಇದರೊಂದಿಗೆ ನಮ್ಮ ನಾಮಕರಣದ ಪದ್ಧತಿಯನ್ನೂ ಸೇರಿಸಿ ನೋಡಬೇಕು. ಮೊಮ್ಮಗನಿಗೆ ತಾತನ ಹೆಸರನ್ನಿಡುವುದು ನಮ್ಮ ರೂಢಿ. ಒಂದು ತಲೆಗೆ ಇಪ್ಪತ್ತೈದರಿಂದ ಮೂವತ್ತು ವರ್ಷಗಳೆಂದು ಎಣಿಸಿದರೆ ಹೆಸರು ಮರಳುವ ಕಾಲವೂ ಸಂವತ್ಸರವು ಮರಳುವ ಕಾಲವೂ ಸರಿಸುಮಾರು ಒಂದೇ. ಆದುದರಿಂದ ಸಿದ್ಧಾರ್ಥಿಯಲ್ಲಿ ತಿಮ್ಮಪ್ಪಯ್ಯನು ಗದ್ದೆಯನ್ನು ಕೊಂಡನೆಂದು ಪತ್ರದಲ್ಲಿದ್ದರೆ, ಅವನು ತಾತನಾದ ತಿಮ್ಮಪ್ಪಯ್ಯನೋ ಮೊಮ್ಮಗನಾದ ತಿಮ್ಮಪ್ಪಯ್ಯನೋ ಎಂಬ ಸಂದೇಹಕ್ಕೆ ಪತ್ರವೇ ಉತ್ತರ ಕೊಡುವುದಿಲ್ಲ. ಇಲ್ಲಿ ಎಡವಿದರೆ ಎರಡು ತಲೆಗಳು ಮಾಯವಾಗುವುವು, ಇಲ್ಲವೆ ಇಲ್ಲದ ಎರಡು ತಲೆಗಳು ಹುಟ್ಟಿಕೊಳ್ಳುವುವು. ತಿಥಿ ಮತ್ತು ವಾರಗಳೆರಡೂ ಇದ್ದರೆ ಸ್ವಾಮಿಕಣ್ಣು ಪಿಳ್ಳೆಯವರು ೧೯೨೨ರಲ್ಲಿ ಪ್ರಕಟಿಸಿದ ಪಂಚಾಂಗಕೋಷ್ಟಕಗಳ ಸಹಾಯದಿಂದ ಪರೀಕ್ಷಿಸಬಹುದು. ಆ ತಿಥಿಯು ಆ ವಾರದಂದು ಬೀಳದ ಸಂವತ್ಸರಗಳನ್ನು ತಳ್ಳಿಹಾಕಿದರೆ ಅನೇಕವೇಳೆ ಒಂದೇ ಉಳಿಯುವುದು. ಲೆಕ್ಕವು ವರಹಗಳಲ್ಲಿದೆಯೋ ರೂಪಾಯಿಗಳಲ್ಲಿದೆಯೋ, ಕಾಗದವು ಸರಕಾರದ ಮುದ್ರೆಯುಳ್ಳದ್ದೋ ಅಲ್ಲವೋ ಎಂಬುದನ್ನೂ ನೋಡಬೇಕು.

ಇಷ್ಟರಿಂದಲೂ ಸಂದೇಹವು ನಿವಾರಣೆಯಾಗದಿದ್ದಾಗ ನೆರೆಮನೆಯ ಬಾಗಿಲನ್ನು ತಟ್ಟಬೇಕಾಗುತ್ತದೆ. ಒಂದು ಕ್ರಯಪತ್ರವನ್ನು ಬಿಡಿಸಿ ನೋಡಿರಿ. ಕೊಂಡವನೂ ಕೊಟ್ಟವನೂ ಅಲ್ಲದೆ ಅದರಲ್ಲಿ ಎಷ್ಟು ಜನರಿರುವರು! ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವನ ಹೊಲ, ಪಶ್ಚಿಮಕ್ಕೆ ಇಂಥವನ ಹಿತ್ತಿಲು ಎಂದು ನಾಲ್ಕು ನೆರೆಯವರ ಹೆಸರುಗಳು, ಕೊನೆಯಲ್ಲಿ ಸಾಕ್ಷಿಗಳು, ಬರೆದ ಶಾನುಭೋಗನ ಒಪ್ಪಿತ. ಈ ಪತ್ರವು ಕೊಂಡವನ ಪೆಟ್ಟಿಗೆಯಲ್ಲಿರುತ್ತದೆಯೇ ಹೊರತು ಪೂರ್ವದ ಹೊಲದವನ ಪೆಟ್ಟಿಗೆಯಲ್ಲಿರುವುದಿಲ್ಲ. ಆದರೂ ಪೂರ್ವದ ಹೊಲದವನು ಆ ವರ್ಷ ಜೀವಿಸಿದ್ದನೆಂಬುದಕ್ಕೂ ಅವನ ತಂದೆ ಇಂಥವನೆಂಬುದಕ್ಕೂ ಅದೊಂದೇ ಸಾಕ್ಷ್ಯವಾಗಿರಬಹುದು. ಬೆಂಕಿಯಲ್ಲಿಯೋ ನೆರೆಯಲ್ಲಿಯೋ ಒಂದು ಮನೆಯ ಕಾಗದಗಳೆಲ್ಲವೂ ನಾಶವಾದರೂ, ಆ ಮನೆಯವರ ಹೆಸರುಗಳು ಊರಿನ ಹತ್ತು ಮನೆಗಳ ಅಟ್ಟದ ಮೇಲೆ ಚದುರಿಕೊಂಡು ಬದುಕಿರುತ್ತವೆ. ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ವ್ಯಾಪಾರಿಗಳ ಲೆಕ್ಕಗಳೂ ಮಠಮಂದಿರಗಳ ಲೆಕ್ಕಗಳೂ ಇರುತ್ತವೆ. ಅಲ್ಲಿ ಸಾಲಗಾರನಾಗಿಯೋ ಕೂಲಿಯಾಳಾಗಿಯೋ ಕಾಣಿಕೆಯನ್ನು ಕೊಟ್ಟವನಾಗಿಯೋ ನಮ್ಮ ಹಿರಿಯನು ನಿಂತಿರಬಹುದು. ಒಬ್ಬರ ವಂಶದ ಚರಿತ್ರೆಯನ್ನು ಒಬ್ಬರೇ ಬರೆಯಲಾಗದೆಂಬುದಕ್ಕೆ ಇದೇ ಕಾರಣ.

ಸರಕಾರದ ದಾಖಲೆಗಳೂ ದೊಡ್ಡದೊಂದು ನೆರೆಮನೆಯಂತೆಯೇ ಸರಿ. ಆದರೆ ೧೯೫೬ನೆಯ ನವೆಂಬರ್ ಒಂದರವರೆಗೆ ಕನ್ನಡನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದಿತು. ಮಂಗಳೂರು ಕಡೆಯವರು ಚೆನ್ನೈಯಲ್ಲಿಯೂ, ಕಲಬುರಗಿಯವರು ಹೈದರಾಬಾದಿನಲ್ಲಿಯೂ, ಧಾರವಾಡ ವಿಜಯಪುರಗಳವರು ಪುಣೆ ಮುಂಬಯಿಗಳಲ್ಲಿಯೂ, ಹಳೆಯ ಮೈಸೂರಿನವರು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿಯೂ ಹುಡುಕಬೇಕಾಗುವುದು. ಉತ್ತರದ ಪತ್ರಗಳಿಗೆ ಮೋಡಿಲಿಪಿಯ ಪರಿಚಯವು ಅವಶ್ಯಕ. ಶಾಸನಗಳ ವಿಷಯದಲ್ಲಿ ನಾವು ಭಾಗ್ಯವಂತರು. ರೈಸ್ ಸಾಹೇಬರು ೧೮೮೬ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರಾಗಿ ಜೋಡಿಸಲ್ಪಟ್ಟಿರುವುದರಿಂದ ಯಾರು ಬೇಕಾದರೂ ತಮ್ಮ ಊರನ್ನು ಹುಡುಕಿ ನೋಡಬಹುದು. ಅಗ್ರಹಾರದಾನದ ತಾಮ್ರಶಾಸನಗಳಲ್ಲಿ ವೃತ್ತಿವಂತರ ಗೋತ್ರ, ಸೂತ್ರ, ಶಾಖೆ, ತಂದೆಯ ಹೆಸರು ಇವು ಇರುವುದುಂಟು. ೧೭೯೯ರ ಮೇಲೆ ಕರ್ನಲ್ ಮೆಕೆಂಜಿಯವರು ಕಾವಲಿ ಸಹೋದರರೇ ಮೊದಲಾದವರ ನೆರವಿನಿಂದ ಕೂಡಿಸಿದ ಕೈಫಿಯತ್ತುಗಳಲ್ಲಿ ಊರುಗಳ ಪೂರ್ವಕಥೆಯಿದೆ. ಚೆನ್ನೈಯ ಹಸ್ತಪ್ರತಿಭಂಡಾರದಲ್ಲಿರುವ ಕನ್ನಡ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಪ್ರಕಟಿಸಿ ಮಹೋಪಕಾರ ಮಾಡಿರುತ್ತಾರೆ.

ದಾಖಲೆಯೆಂದ ಮಾತ್ರಕ್ಕೆ ವೇದವಾಕ್ಯವಲ್ಲ. ಮುಂಬಯಿ ಪ್ರಾಂತದಲ್ಲಿ ೧೮೫೨ರ ಕಾಯಿದೆಯ ಪ್ರಕಾರ ಇನಾಮುಗಳ ವಿಚಾರಣೆ ನಡೆದಾಗಲೂ, ಕಮಿಷನರುಗಳ ಕಾಲದ ಮೈಸೂರಿನಲ್ಲಿ ಅಂಥದೇ ವಿಚಾರಣೆ ನಡೆದಾಗಲೂ, ಭೂಮಿಯನ್ನು ಅನುಭವಿಸುತ್ತಿದ್ದವರು ತಮ್ಮ ಹಕ್ಕನ್ನು ಸ್ಥಾಪಿಸಬೇಕಾಗಿ ಬಂದಿತು. ಅಂಥ ಸಮಯದಲ್ಲಿ ಹೇಳಿದ ವಂಶಾವಳಿಯು ಬಹು ಬೆಲೆಯುಳ್ಳದ್ದು. ಆದರೆ ಅದು ಭೂಮಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಹೇಳಿದ್ದೆಂಬುದನ್ನು ಮರೆಯಬಾರದು. ದತ್ತಕನು ಔರಸನಾಗಿಯೂ, ಬೇರೆಯಾದ ಶಾಖೆಯು ಇಲ್ಲದ್ದಾಗಿಯೂ ಅಲ್ಲಿ ತೋರಿರಬಹುದು. ನಮ್ಮ ಶಾಲೆಗಳ ದಾಖಲಾತಿ ಪುಸ್ತಕವೂ ಹಾಗೆಯೇ. ತಂದೆಯ ಹೆಸರು, ಊರು, ಜಾತಿ ಇವುಗಳ ಮಟ್ಟಿಗೆ ಅದು ಉತ್ತಮ ಸಾಕ್ಷ್ಯ. ಜನ್ಮದಿನದ ಅಂಕಣದಲ್ಲಿ ಮಾತ್ರ ಜೂನ್ ತಿಂಗಳ ಒಂದನೆಯ ತಾರೀಖೇ ಸಾಲಾಗಿ ಕಾಣಬರುವುದು. ಊರಿನ ಮಕ್ಕಳೆಲ್ಲರೂ ಆ ಒಂದೇ ದಿನ ಹುಟ್ಟಿದರೆಂದು ಯಾರೂ ನಂಬಲಾರರು. ಶಾಲೆಗೆ ಸೇರುವ ವಯಸ್ಸಿಗೆ ಸರಿಹೋಗುವಂತೆ ಉಪಾಧ್ಯಾಯರು ಬರೆದುಕೊಂಡರೆಂಬುದೇ ನಿಜ. ಯಾವ ಬರಹವನ್ನು ಯಾರು, ಯಾರ ಮುಂದೆ, ಏನನ್ನು ಬಯಸಿ ಬರೆಸಿದರೆಂದು ಮೊದಲು ಕೇಳಬೇಕು.

ಇನಾಮೂ ಅಗ್ರಹಾರವೂ ಇಲ್ಲದ ಮನೆಗಳಿಗೆ ಚರಿತ್ರೆಯೇ ಇಲ್ಲವೆಂದು ತಿಳಿಯುವುದು ದೊಡ್ಡ ಅನ್ಯಾಯ. ಊರಿನ ತುರುಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯ ಆಳುಗಳ ಹೆಸರನ್ನು ವೀರಗಲ್ಲುಗಳು ಉಳಿಸಿಕೊಂಡಿವೆ. ಎತ್ತನ್ನು ಹೊಡೆದುಕೊಂಡು ಘಂಟಾನಾದಮಾಡುತ್ತ ಬರುವ ಹೆಳವರು ಒಕ್ಕಲು ಮನೆಗಳ ವಂಶವನ್ನು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ತಮ್ಮ ಹೊತ್ತಿಗೆಗಳಲ್ಲಿ ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು ಹೋಗುತ್ತಾರೆ. ಹೆಳವನು ಬಾಗಿಲಿಗೆ ಬಂದಾಗ ಒಂದು ಸೇರು ಧಾನ್ಯವನ್ನು ಕೊಟ್ಟು ಕಳುಹಿಸಿಬಿಡುವವರು, ಅವನು ಹೇಳುವುದನ್ನು ಕುಳಿತು ಬರೆದುಕೊಳ್ಳುವುದು ಉತ್ತಮ. ಹತ್ತಿರದ ಕಾಲಕ್ಕೆ ಬಂದರೆ, ೧೯೭೪ನೆಯ ಮಾರ್ಚ್ ಒಂದರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಪ್ರಕಾರ ಗೇಣಿದಾರರು ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿಗಳೂ ಭೂನ್ಯಾಯಮಂಡಳಿಗಳ ಕಡತಗಳೂ ಇವೆ. ತಲೆಮಾರುಗಳಿಂದ ಉತ್ತರೂ ಯಾವ ಪತ್ರದಲ್ಲಿಯೂ ಹೆಸರಿಲ್ಲದಿದ್ದ ಎಷ್ಟೋ ಮನೆತನಗಳು, ಎಂದಿನಿಂದ ತಾವು ಆ ಭೂಮಿಯಲ್ಲಿದ್ದೇವೆಂಬುದನ್ನು ಮೊದಲಬಾರಿಗೆ ಸರಕಾರದ ಮುಂದೆ ಹೇಳಿದ್ದು ಅಲ್ಲಿಯೇ. ಅವುಗಳನ್ನು ಗೆದ್ದಲಿಗೆ ಬಿಡುವುದು ತಾಮ್ರಶಾಸನವನ್ನು ಕರಗಿಸಿದಂತೆಯೇ ಸರಿ.

ಸ್ತ್ರೀಯರ ವಿಷಯದಲ್ಲಿ ನಮ್ಮ ವಂಶವೃಕ್ಷಗಳು ಇನ್ನೂ ಕೃಪಣವಾಗಿವೆ. ಶ್ರಾದ್ಧದಲ್ಲಿ ಮಾತೃ, ಪಿತಾಮಹೀ, ಪ್ರಪಿತಾಮಹೀ ಎಂದು ಹೆಸರನ್ನೆತ್ತುವ ನಾವು ವೃಕ್ಷವನ್ನು ಬರೆಯುವಾಗ ಗಂಡುಮಕ್ಕಳನ್ನು ಮಾತ್ರ ಬರೆದು ನಿಲ್ಲಿಸುತ್ತೇವೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಮೂಲದಲ್ಲಿ ನಿಲ್ಲುವವಳು ಹೆಣ್ಣು. ಅವಳಿಂದಲೇ ಕವರುಗಳು ಹೊರಡುವುವು. ಉಳಿದವರು ಆ ಮಾದರಿಯನ್ನು ನೋಡಿ ಕಲಿಯಬೇಕು. ಹೆಣ್ಣು ಯಾವ ಊರಿನಿಂದ ಬಂದಳೆಂಬುದು ತಿಳಿದರೆ ಮನೆತನದ ಸಂಬಂಧಗಳ ಭೂಪಟವೇ ತೆರೆದುಕೊಳ್ಳುವುದು. ಅವಳ ತವರಿನ ಪೆಟ್ಟಿಗೆಯೂ ನಮಗೆ ಸಾಕ್ಷಿಯಾಗುವುದು.

ಹೀಗೆ ಚದುರಿರುವುದನ್ನು ಒಂದೆಡೆ ಕೂಡಿಸುವುದು ಒಬ್ಬನ ಕೆಲಸವಲ್ಲ, ಸಂಘದ ಕೆಲಸ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಒಂದು ತಾಳೆಯೋಲೆಯ ಕಟ್ಟನ್ನು ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಒಪ್ಪಿಸಿದರು. ಅದೇ ಕೌಟಿಲ್ಯನ ಅರ್ಥಶಾಸ್ತ್ರವೆಂದು ಆರ್. ಶಾಮಶಾಸ್ತ್ರಿಗಳು ಕಂಡು ೧೯೦೯ರಲ್ಲಿ ಅಚ್ಚು ಹಾಕಿಸಿದರು. ಶೃಂಗೇರಿಯ ಮಠದಲ್ಲಿ ಪತ್ರಗಳನ್ನು ಜೋಪಾನವಾಗಿ ಇಟ್ಟಿದ್ದುದರಿಂದಲೇ ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರಿಗೆ ಟೀಪುಸುಲ್ತಾನನು ಜಗದ್ಗುರುಗಳಿಗೆ ಬರೆದ ಪತ್ರಗಳು ದೊರೆತುವು. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಗುಂಡಾಜೋಯಿಸರು ಓಲೆ, ಕಡತ, ಸನ್ನದುಗಳನ್ನು ಕೂಡಿಸಿ ಒಂದು ಹಳ್ಳಿಯಲ್ಲಿಯೇ ವಸ್ತುಸಂಗ್ರಹಾಲಯವನ್ನು ನಿಲ್ಲಿಸಿದರು. ಬೆಂಗಳೂರಿನಲ್ಲಿ ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು ೨೦೨೧ರಿಂದ ನಗರದ ಸುತ್ತಲಿನ ಶಾಸನಕಲ್ಲುಗಳ ಪ್ರತಿರೂಪಗಳನ್ನು ಗಣಕಯಂತ್ರದಲ್ಲಿ ಹಿಡಿದಿಡುತ್ತ ಬಂದಿದ್ದಾರೆ. ಮನೆಯಲ್ಲಿ ಇಟ್ಟುಕೊಂಡವರೂ ಹೊರಗೆ ಕೊಟ್ಟವರೂ ಓದಬಲ್ಲವರೂ ಒಂದೆಡೆ ಸೇರಿದಾಗ ಮಾತ್ರ ಇಂಥ ಫಲವು ದೊರೆಯುವುದು.

ನಮ್ಮ ಜಿಲ್ಲೆಯ ಮನೆಗಳವರು ಮಾಡಬೇಕಾದುದು ಹೆಚ್ಚೇನೂ ಇಲ್ಲ. ಅಟ್ಟವನ್ನು ತೆರವುಮಾಡುವಾಗ ಓದಲು ಬಾರದ ಕಾಗದವನ್ನು ರದ್ದಿಗೆ ಹಾಕಬೇಡಿರಿ. ಹಳೆಯ ಓಲೆಗಳನ್ನು ಪುಣ್ಯವೆಂದು ಹೊಳೆಗೆ ಬಿಡಬೇಡಿರಿ. ಕಡತವನ್ನು ಒದ್ದೆಬಟ್ಟೆಯಿಂದ ಒರಸಿದರೆ ಬಳಪದ ಅಕ್ಷರವು ಅಳಿಸಿಹೋಗುವುದು. ಮೂಲವನ್ನು ಕೊಡಲು ಮನಸ್ಸಿಲ್ಲದವರು ಛಾಯಾಪ್ರತಿಯನ್ನು ಕೊಡಬಹುದು. ಹಿರಿಯರು ಹೇಳಿದುದನ್ನು, ಹೇಳಿದವರ ಹೆಸರು ಮತ್ತು ದಿನದೊಡನೆ ಬರೆದಿಡಬೇಕು. ಊಹೆಯನ್ನು ಊಹೆಯೆಂದೂ ಸಾಕ್ಷ್ಯವನ್ನು ಸಾಕ್ಷ್ಯವೆಂದೂ ಬೇರೆಯಾಗಿ ಗುರುತಿಸಬೇಕು. ವಂಶವೃಕ್ಷವೆಂದರೆ ಈಗ ಪೌತಿ ಖಾತೆಗಾಗಿ ನಾಡಕಚೇರಿಯಿಂದ ಪಡೆಯುವ ಒಂದು ಕಾಗದವೆಂದೇ ಅನೇಕರು ತಿಳಿದಿರುವರು. ಆಸ್ತಿಯನ್ನು ಹಂಚಿಕೊಳ್ಳುವುದಕ್ಕೆ ಅಷ್ಟು ಸಾಕು. ಹಿರಿಯರ ಋಣವನ್ನು ತೀರಿಸುವುದಕ್ಕೆ ಅಷ್ಟು ಸಾಲದು. ನಮ್ಮ ಪೆಟ್ಟಿಗೆಯಲ್ಲಿರುವ ಕಾಗದವು ನಮಗೆ ನಿಷ್ಪ್ರಯೋಜಕವೆಂದು ತೋರಿದರೂ, ಅದರ ಚಕ್ಕುಬಂದಿಯಲ್ಲಿ ಯಾರದೋ ಮುತ್ತಾತನು ತನ್ನ ಮರಿಮಗನನ್ನು ಕಾದು ಕುಳಿತಿರುವನೆಂಬುದನ್ನು ವಾಚಕಮಹಾಶಯರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ.