ಉಳಿದ ಮಾಂಸ, ಬೆಟ್ಟದ ಆಲೂಗಡ್ಡೆ



ಲವ್‌ಡೇಲ್ ಎಂದೊಡನೆ ಲಾರೆನ್ಸ್ ಶಾಲೆ ನೆನಪಾಗುತ್ತದೆ. ಬ್ರಿಟಿಷ್ ಸೈನಿಕರ ಮಕ್ಕಳಿಗಾಗಿ, ಅನಾಥರಿಗಾಗಿ 1858ರಲ್ಲಿ ಊಟಿಯಲ್ಲಿ ಆರಂಭವಾದ ಆಶ್ರಯವದು; ಲವ್‌ಡೇಲಿಗೆ ಬಂದದ್ದು ಆಮೇಲೆ. ಆ ಸೈನಿಕರ ನಾಡಿನ ಮನೆಯೂಟ ಶೆಫರ್ಡ್ಸ್ ಪೈ. ಭಾನುವಾರ ಉಳಿದ ಕುರಿಮಾಂಸವನ್ನು ಕೊಚ್ಚಿ, ಈರುಳ್ಳಿಯೊಡನೆ ಬೇಯಿಸಿ, ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಓವನ್‌ನಲ್ಲಿ ಕೆಂಪಗಾಗಿಸುತ್ತಿದ್ದರು.

ಆಲೂಗಡ್ಡೆಯೂ ಇಲ್ಲಿಗೆ ಹೊಸದೇ. 1820ರ ದಶಕದಲ್ಲಿ ಊಟಿಯಲ್ಲಿ ನೆಲೆಸಿದ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟಕ್ಕೆ ತಂದ ಬೆಳೆಗಳಲ್ಲಿ ಅದೂ ಒಂದು. ಅದನ್ನು ಈ ಮಣ್ಣಿನ ಬೆಳೆಯಾಗಿಸಿದವರು, ಕನ್ನಡಕ್ಕೆ ಹತ್ತಿರದ ಮಾತನಾಡುವ ಬಡಗ ರೈತರು. ಹೆಸರು ಕುರಿಗಾಹಿಯದು, ನಮ್ಮ ಬೆಟ್ಟದಲ್ಲಿ ಮೇಲಿನ ಪದರ ಬಡಗರದು.

ಆದ್ದರಿಂದ ನಿನ್ನೆಯ ಸಾರಿನ ಮಾಂಸ ಬಳಸಿದರೆ ನಾಚಿಕೆ ಬೇಡ. ಈ ಅಡುಗೆ ಹುಟ್ಟಿದ್ದೇ ಉಳಿದದ್ದನ್ನು ಚೆಲ್ಲದ ಮನೆಗಳಲ್ಲಿ. ತಟ್ಟೆಗೆ ಬಡಿಸುವಾಗ ಬೆಳೆದವರನ್ನೂ ನೆನೆಯೋಣ.