ಮನರಂಜನಾ ಉದ್ಯಾನಗಳ ಭೇಟಿಗೆ ಸೂಕ್ತ ಸಮಯ: ಆರ್‌ಪಿಸಿ ಲೇಔಟ್ ಹಾಗೂ ಸುತ್ತಲಿನ ನಿವಾಸಿಗಳಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರು ಪಶ್ಚಿಮ ಭಾಗದ ವಿಜಯನಗರಕ್ಕೆ ಹೊಂದಿಕೊಂಡಿರುವ ಆರ್‌ಪಿಸಿ ಲೇಔಟ್, ಹಂಪಿನಗರ, ಅತ್ತಿಗುಪ್ಪೆ ಮುಂತಾದ ಬಡಾವಣೆಗಳು ಮೈಸೂರು ರಸ್ತೆಗೆ ಸಮೀಪದಲ್ಲಿವೆ. ಇದೇ ರಸ್ತೆಯಲ್ಲಿ, ನಗರದ ಮಧ್ಯಭಾಗದಿಂದ ಸುಮಾರು 28 ಕಿ.ಮೀ. ದೂರದ ಬಿಡದಿ ಬಳಿ, ವಂಡರ್‌ಲಾ ಮನರಂಜನಾ ಉದ್ಯಾನವು 2005ರಲ್ಲಿ ಪ್ರಾರಂಭವಾಯಿತು. ಸುಮಾರು 82 ಎಕರೆ ವಿಸ್ತೀರ್ಣದ ಈ ಉದ್ಯಾನದಲ್ಲಿ ನೆಲದ ಮೇಲಿನ ಆಟಗಳೂ ನೀರಿನ ಆಟಗಳೂ ಇವೆ. ಪಶ್ಚಿಮ ಬೆಂಗಳೂರಿನ ಕುಟುಂಬಗಳಿಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಸ್ಥಳ ಇದಾಗಿದೆ.

ಮಧ್ಯಮ ವರ್ಗದ ಕುಟುಂಬವೊಂದು ವರ್ಷಕ್ಕೊಮ್ಮೆ ಕೈಗೊಳ್ಳುವ ಇಂತಹ ಪ್ರವಾಸಕ್ಕೆ ಆಗುವ ವೆಚ್ಚ ಅಲ್ಪವೇನಲ್ಲ. ಆದರೂ ದಿನದ ಬಹುಪಾಲು ಸರದಿಯ ಸಾಲಿನಲ್ಲಿಯೇ ಕಳೆದು, ಮಕ್ಕಳು ದಣಿದು, ಹಿರಿಯರು ಬಿಸಿಲಿನಲ್ಲಿ ನಿಂತು ಹಿಂದಿರುಗುವುದು ಸಾಮಾನ್ಯವಾಗಿದೆ. ಜನದಟ್ಟಣೆಯು ಆಕಸ್ಮಿಕವಲ್ಲ. ಶಾಲೆಯ ರಜೆ, ಕಚೇರಿಯ ರಜೆ ಹಾಗೂ ಮಳೆಗಾಲ ಎಂಬ ಮೂರು ಲೆಕ್ಕಗಳನ್ನು ಮುಂಚಿತವಾಗಿ ನೋಡಿಕೊಂಡಲ್ಲಿ ಅದನ್ನು ಬಹುಮಟ್ಟಿಗೆ ಊಹಿಸಬಹುದಾಗಿದೆ. ದಿನವನ್ನು ಬದಲಿಸಲು ಸಾಧ್ಯವಿಲ್ಲದವರು ಹೊರಡುವ ವೇಳೆಯನ್ನೂ ಆಟಗಳ ಕ್ರಮವನ್ನೂ ಬದಲಿಸಿಕೊಳ್ಳಬಹುದು. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಜನದಟ್ಟಣೆಯಿಂದ ಆಗುವ ನಷ್ಟದ ಲೆಕ್ಕ

ಉದಾಹರಣೆಗೆ, ಒಂದು ಆಟದಲ್ಲಿ ಒಮ್ಮೆಗೆ 20 ಜನರು ಕೂರಬಹುದು ಹಾಗೂ ಹತ್ತಿಸಿ, ಆಡಿಸಿ, ಇಳಿಸಲು 4 ನಿಮಿಷ ಬೇಕು ಎಂದಿಟ್ಟುಕೊಳ್ಳೋಣ. ಆಗ ಗಂಟೆಗೆ 15 ಸುತ್ತುಗಳಂತೆ 300 ಜನರಿಗೆ ಮಾತ್ರ ಅವಕಾಶ ದೊರೆಯುತ್ತದೆ. ಮುಂದೆ 100 ಜನರಿದ್ದರೆ 20 ನಿಮಿಷ ಕಾಯಬೇಕು; 400 ಜನರಿದ್ದರೆ 1 ಗಂಟೆ 20 ನಿಮಿಷ ಕಾಯಬೇಕು. ಯಂತ್ರದ ಸಾಮರ್ಥ್ಯ ಸ್ಥಿರವಾಗಿರುವುದರಿಂದ ಬಂದವರ ಸಂಖ್ಯೆ ಹೆಚ್ಚಿದಷ್ಟೂ ಕಾಯುವಿಕೆ ಮಾತ್ರ ಹೆಚ್ಚುತ್ತದೆ.

ಊಟದ ಸಮಯ ಕಳೆದು 6 ಗಂಟೆಗಳು ಉಳಿಯುತ್ತವೆ ಹಾಗೂ ನಾಲ್ವರ ಪ್ರವೇಶಕ್ಕೆ ರೂ. 4,000 ತಗಲುತ್ತದೆ ಎಂದು ಕೇವಲ ಲೆಕ್ಕಕ್ಕಾಗಿ ಭಾವಿಸಿದಲ್ಲಿ, ವ್ಯತ್ಯಾಸ ಈ ಕೆಳಗಿನಂತಿರುತ್ತದೆ.

ದಟ್ಟಣೆಯ ದಿನ: ಪ್ರತಿ ಆಟಕ್ಕೆ ಕಾಯಲು 45 ನಿಮಿಷ, ಆಟಕ್ಕೂ ನಡಿಗೆಗೂ 15 ನಿಮಿಷ. ಒಟ್ಟು 6 ಆಟಗಳು. ಒಬ್ಬರಿಗೆ ಒಂದು ಆಟಕ್ಕೆ ಬೀಳುವ ವೆಚ್ಚ ಸುಮಾರು ರೂ. 167.

ವಿರಳ ದಿನ: ಪ್ರತಿ ಆಟಕ್ಕೆ ಕಾಯಲು 10 ನಿಮಿಷ, ಆಟಕ್ಕೂ ನಡಿಗೆಗೂ 15 ನಿಮಿಷ. ಒಟ್ಟು 14 ಆಟಗಳು. ಒಬ್ಬರಿಗೆ ಒಂದು ಆಟಕ್ಕೆ ಬೀಳುವ ವೆಚ್ಚ ಸುಮಾರು ರೂ. 71.

ಪ್ರವೇಶ ಶುಲ್ಕವು ವಾರದ ದಿನ, ರಜಾದಿನ ಹಾಗೂ ಋತುವಿಗೆ ಅನುಗುಣವಾಗಿ ಬೇರೆ ಬೇರೆಯಾಗಿರುತ್ತದೆ. ಹೆಚ್ಚು ಜನ ಬರುವ ದಿನವೇ ಶುಲ್ಕವೂ ಹೆಚ್ಚಿರುವುದರಿಂದ ವಾಸ್ತವಿಕ ಅಂತರವು ಇದಕ್ಕಿಂತಲೂ ದೊಡ್ಡದಾಗುವ ಸಂಭವವಿದೆ.

3. ತಿಂಗಳುಗಳ ಆಯ್ಕೆ

(ಅ) ಏಪ್ರಿಲ್ ಮತ್ತು ಮೇ: ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗೆ ಬೇಸಿಗೆ ರಜೆ ಇರುತ್ತದೆ. ಬಿಸಿಲಿನ ಕಾರಣ ನೀರಿನ ಆಟಗಳಿಗೆ ಬೇಡಿಕೆಯೂ ಹೆಚ್ಚು. ಆದುದರಿಂದ ಇದು ವರ್ಷದ ಅತ್ಯಂತ ದಟ್ಟಣೆಯ ಅವಧಿಗಳಲ್ಲಿ ಒಂದಾಗಿದೆ.

(ಆ) ಜೂನ್ ಎರಡನೇ ವಾರದಿಂದ ಜುಲೈ ಅಂತ್ಯದವರೆಗೆ: ಶಾಲೆಗಳು ಪುನರಾರಂಭಗೊಂಡಿರುತ್ತವೆ. ಪುಸ್ತಕ, ಸಮವಸ್ತ್ರ, ಶುಲ್ಕಗಳ ವೆಚ್ಚದ ನಂತರ ಪ್ರವಾಸಕ್ಕೆ ಹೊರಡುವವರು ಕಡಿಮೆ. ಮಳೆಗಾಲವೆಂದು ಹಿಂಜರಿಯುವವರೂ ಇದ್ದಾರೆ. ಆದರೆ ಬೆಂಗಳೂರು ಪ್ರದೇಶದಲ್ಲಿ ಅತಿ ಹೆಚ್ಚು ಮಳೆ ಸುರಿಯುವುದು ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲ. ಸೆಪ್ಟೆಂಬರ್ ಹಾಗೂ ಅಕ್ಟೋಬರ್ ತಿಂಗಳುಗಳಲ್ಲಿ. ಜೂನ್, ಜುಲೈನಲ್ಲಿ ಬಿಸಿಲಿನ ತಾಪವೂ ಇಳಿದಿರುತ್ತದೆ. ಹಿರಿಯರನ್ನು ಕರೆದೊಯ್ಯುವವರಿಗೆ ಇದು ಅತ್ಯಂತ ಅನುಕೂಲಕರ ಅವಧಿ. ಆಷಾಢ ಮಾಸದ ಶುಕ್ರವಾರಗಳಂದು ಮಾತ್ರ ಚಾಮುಂಡಿ ಬೆಟ್ಟಕ್ಕೆ ತೆರಳುವ ಭಕ್ತಾದಿಗಳಿಂದ ಮೈಸೂರು ರಸ್ತೆಯಲ್ಲಿ ವಾಹನಗಳು ಹೆಚ್ಚಿರುವ ಸಂಭವವಿದೆ.

(ಇ) ದಸರಾ ರಜೆ: ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬರುವ ಈ ಅವಧಿಯಲ್ಲಿ ಶಾಲಾ ರಜೆಯ ಜೊತೆಗೆ ಮೈಸೂರು ದಸರಾಕ್ಕೆ ಹೋಗುವವರ ವಾಹನಗಳೂ ಇದೇ ರಸ್ತೆಯಲ್ಲಿರುತ್ತವೆ. ಸಂಜೆ ಗುಡುಗು ಸಹಿತ ಮಳೆ ಬರುವ ಕಾಲವೂ ಹೌದು.

(ಈ) ನವೆಂಬರ್‌ನಿಂದ ಜನವರಿವರೆಗೆ: ಈ ಅವಧಿಯ ವಾರದ ದಿನಗಳು ವಿರಳವಾಗಿರುತ್ತವೆ ಎಂದು ಭಾವಿಸುವುದು ಸರಿಯಲ್ಲ. ಶಾಲೆಗಳ ಪ್ರವಾಸಗಳು ಹೆಚ್ಚಾಗಿ ಇದೇ ಅವಧಿಯಲ್ಲಿ ನಡೆಯುತ್ತವೆ. ದೂರದ ಜಿಲ್ಲೆಗಳಿಂದ ಬರುವ ಶಾಲಾ ಬಸ್ಸುಗಳು ವಾರದ ದಿನಗಳಲ್ಲಿಯೇ ಬಂದು ಸೇರುತ್ತವೆ. ಡಿಸೆಂಬರ್ 24ರಿಂದ ಜನವರಿ 1ರವರೆಗಿನ ದಿನಗಳನ್ನು ಸಂಪೂರ್ಣವಾಗಿ ಬಿಡುವುದು ಒಳಿತು.

(ಉ) ಫೆಬ್ರವರಿ ಮತ್ತು ಮಾರ್ಚ್: ಶಾಲಾ ಪ್ರವಾಸಗಳು ಮುಗಿದಿರುತ್ತವೆ; ಪರೀಕ್ಷೆಗಳ ಸಿದ್ಧತೆ ನಡೆದಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದ ಕುಟುಂಬಗಳಿಗೆ ಈ ತಿಂಗಳುಗಳ ವಾರದ ದಿನಗಳು ಸೂಕ್ತ.

ವಿರಳ ಅವಧಿಯಲ್ಲಿ ಕೆಲವು ಆಟಗಳನ್ನು ದುರಸ್ತಿಗಾಗಿ ನಿಲ್ಲಿಸಿರಬಹುದು. ಯಾವ ಆಟಗಳು ಲಭ್ಯವಿವೆ ಎಂಬುದನ್ನು ಟಿಕೆಟ್ ಪಡೆಯುವ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

4. ದಿನದ ಆಯ್ಕೆ

(ಅ) ಮಂಗಳವಾರ, ಬುಧವಾರ ಹಾಗೂ ಗುರುವಾರಗಳು ಹೆಚ್ಚು ಅನುಕೂಲಕರ. ಸೋಮವಾರ ಮತ್ತು ಶುಕ್ರವಾರಗಳು ವಾರಾಂತ್ಯದ ರಜೆಗೆ ಸೇರಿಕೊಳ್ಳುವ ಸಾಧ್ಯತೆ ಇರುತ್ತದೆ. ಸಂಸ್ಥೆಗಳು ತಮ್ಮ ನೌಕರರ ಪ್ರವಾಸಕ್ಕೆ ಶುಕ್ರವಾರವನ್ನು ಆರಿಸುವುದೂ ಉಂಟು.

(ಆ) ಶನಿವಾರಗಳೆಲ್ಲವೂ ಒಂದೇ ಅಲ್ಲ. ಎರಡನೇ ಹಾಗೂ ನಾಲ್ಕನೇ ಶನಿವಾರಗಳಂದು ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್‌ನಿಂದ ರಜೆ ಇದೆ. ರಾಜ್ಯ ಸರ್ಕಾರಿ ಕಚೇರಿಗಳಿಗೆ ಎರಡನೇ ಶನಿವಾರದ ರಜೆಯ ಜೊತೆಗೆ 2019ರಿಂದ ನಾಲ್ಕನೇ ಶನಿವಾರದ ರಜೆಯೂ ಸೇರಿದೆ. ಆದ್ದರಿಂದ ಶನಿವಾರವೇ ಅನಿವಾರ್ಯವಾದಲ್ಲಿ ಮೊದಲನೇ ಅಥವಾ ಮೂರನೇ ಶನಿವಾರವನ್ನು ಆರಿಸಿಕೊಳ್ಳಬಹುದು.

(ಇ) ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮುಂತಾದ ಸಾರ್ವತ್ರಿಕ ರಜೆಗಳು ವಾರಾಂತ್ಯಕ್ಕೆ ಹೊಂದಿಕೊಂಡು ಬಂದಾಗ ದಟ್ಟಣೆ ಹೆಚ್ಚು. ಮುಂದಿನ ವರ್ಷದ ರಜಾ ಪಟ್ಟಿಯನ್ನು ಸರ್ಕಾರವು ಮುಂಚಿತವಾಗಿಯೇ ಪ್ರಕಟಿಸುವುದರಿಂದ ಅದನ್ನು ನೋಡಿ ದಿನ ಗೊತ್ತುಪಡಿಸಬಹುದು.

(ಈ) ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶ ಮುಂತಾದ ಹಬ್ಬಗಳ ದಿನ ಬಹುತೇಕ ಕುಟುಂಬಗಳು ಪೂಜೆ ಹಾಗೂ ಅಡುಗೆಯಲ್ಲಿ ಮನೆಯಲ್ಲಿಯೇ ಇರುತ್ತವೆ. ಜನರು ಹೊರಗೆ ಹೊರಡುವುದು ಹಬ್ಬದ ಮರುದಿನ.

(ಉ) ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಗಳಿಗೆ ವಿಶೇಷ ಸೂಚನೆ: ಜನದಟ್ಟಣೆ ತಪ್ಪಿಸುವ ಸಲುವಾಗಿ ಮಕ್ಕಳನ್ನು ಶಾಲೆ ಬಿಡಿಸುವುದು ಸೂಕ್ತವಲ್ಲ. ಬೇಸಿಗೆ ಹಾಗೂ ದಸರಾ ರಜೆಗಳಲ್ಲಿಯೂ ಮಂಗಳವಾರದಿಂದ ಗುರುವಾರದವರೆಗೆ ಪೋಷಕರಿಗೆ ಕಚೇರಿ ಇರುವ ಕಾರಣ, ಆ ದಿನಗಳು ಅದೇ ವಾರದ ಭಾನುವಾರಕ್ಕಿಂತ ಹಗುರವಾಗಿರುತ್ತವೆ. ಪೋಷಕರಲ್ಲಿ ಒಬ್ಬರಾದರೂ ಒಂದು ದಿನದ ಸಾಂದರ್ಭಿಕ ರಜೆ ಪಡೆದಲ್ಲಿ ಮಕ್ಕಳ ಪಾಠಕ್ಕೆ ಭಂಗವಾಗದೆ ಪ್ರಯೋಜನ ದೊರೆಯುತ್ತದೆ. ಅದೂ ಸಾಧ್ಯವಾಗದ, ದಿನಗೂಲಿ ಅಥವಾ ಅಂಗಡಿ ವ್ಯವಹಾರ ನಂಬಿದ ಕುಟುಂಬಗಳು ಜೂನ್, ಜುಲೈ ತಿಂಗಳ ಭಾನುವಾರವನ್ನು ಆರಿಸಿಕೊಂಡು, ಕೆಳಗಿನ 5ನೇ ಕಂಡಿಕೆಯ ಕ್ರಮವನ್ನು ಅನುಸರಿಸಬಹುದು.

5. ವೇಳೆಯ ಆಯ್ಕೆ ಮತ್ತು ಆಟಗಳ ಕ್ರಮ

ಉದ್ಯಾನವು ಸಾಮಾನ್ಯವಾಗಿ ಬೆಳಿಗ್ಗೆ 11 ಗಂಟೆಗೆ ತೆರೆಯುತ್ತದೆ. ಮುಚ್ಚುವ ವೇಳೆ ದಿನಕ್ಕನುಗುಣವಾಗಿ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳತಕ್ಕದ್ದು.

(1) ಟಿಕೆಟನ್ನು ಮುಂಗಡವಾಗಿ ಪಡೆದು, ತೆರೆಯುವ ವೇಳೆಗೆ ಅರ್ಧ ಗಂಟೆ ಮೊದಲೇ ದ್ವಾರದಲ್ಲಿರುವುದು. ಮುಂಗಡ ಟಿಕೆಟಿನ ದಿನಾಂಕ ಬದಲಾವಣೆ ಹಾಗೂ ಮರುಪಾವತಿಯ ನಿಯಮಗಳನ್ನು ಹಣ ಕಟ್ಟುವ ಮೊದಲು ಓದಿಕೊಳ್ಳುವುದು.

(2) ಬಹುತೇಕರು ದ್ವಾರದ ಬಳಿಯ ಆಟಗಳಿಂದಲೇ ಆರಂಭಿಸುತ್ತಾರೆ. ಆದುದರಿಂದ ಮೊದಲ ಒಂದೂವರೆ ಗಂಟೆಯಲ್ಲಿ ಒಳಭಾಗದ ಹಾಗೂ ಹೆಚ್ಚು ಬೇಡಿಕೆಯ ಎತ್ತರದ ಆಟಗಳನ್ನು ಮುಗಿಸಿಕೊಳ್ಳುವುದು. ಮಧ್ಯಾಹ್ನದ ನಂತರ ಗುಡುಗು, ಮಿಂಚು ಕಂಡುಬಂದಲ್ಲಿ ಸುರಕ್ಷತೆಯ ದೃಷ್ಟಿಯಿಂದ ಮೊದಲು ನಿಲ್ಲುವುದೂ ಇಂತಹ ಆಟಗಳೇ.

(3) ನೀರಿನ ಆಟಗಳು ಉದ್ಯಾನ ತೆರೆದ ಕೆಲ ಹೊತ್ತಿನ ಬಳಿಕ ಪ್ರಾರಂಭವಾಗಿ, ಮುಚ್ಚುವ ವೇಳೆಗೆ ಮೊದಲೇ ನಿಲ್ಲುತ್ತವೆ. ಅವುಗಳ ವೇಳೆಯನ್ನು ಒಳಗೆ ಹೋದ ಕೂಡಲೇ ತಿಳಿದುಕೊಳ್ಳುವುದು. ನೀರಿಗಿಳಿಯಲು ನೈಲಾನ್ ಮುಂತಾದ ನಿಗದಿತ ಬಟ್ಟೆ ಅಗತ್ಯ. ಹತ್ತಿ ಬಟ್ಟೆ ಧರಿಸಿ ಹೋದವರು ಅಲ್ಲಿಯೇ ಖರೀದಿಗೆ ಇನ್ನೊಂದು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

(4) ಮಧ್ಯಾಹ್ನ 1ರಿಂದ 2 ಗಂಟೆಯ ನಡುವೆ ಊಟದ ಸ್ಥಳದಲ್ಲಿ ಜನ ಹೆಚ್ಚು. 12.15ಕ್ಕೆ ಅಥವಾ 2.30ರ ನಂತರ ಊಟ ಮುಗಿಸಿದಲ್ಲಿ, ಇತರರು ಊಟಕ್ಕೆ ಹೋದ ಸಮಯ ಆಟಗಳಿಗೆ ದೊರೆಯುತ್ತದೆ.

(5) ಹಲವು ಆಟಗಳಿಗೆ ಕನಿಷ್ಠ ಎತ್ತರ ನಿಗದಿಯಾಗಿದೆ. ಮನೆಯಲ್ಲಿಯೇ ಮಕ್ಕಳ ಎತ್ತರವನ್ನು ಅಳೆದು, ಅವರಿಗೆ ಅವಕಾಶವಿರುವ ಆಟಗಳನ್ನು ಗುರುತು ಮಾಡಿಕೊಳ್ಳುವುದು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ ಮಗುವನ್ನು ಎತ್ತರ ಸಾಲದೆಂದು ಹಿಂದಕ್ಕೆ ಕಳುಹಿಸುವ ಪ್ರಸಂಗವನ್ನು ಇದರಿಂದ ತಪ್ಪಿಸಬಹುದು.

(6) ಸಾಲಿನಲ್ಲಿ ಕಾಯದೆ ಹೋಗಲು ಹೆಚ್ಚುವರಿ ದರದ ಫಾಸ್ಟ್ ಟ್ರ್ಯಾಕ್ ಟಿಕೆಟ್ ಇದೆ. ವಾರದ ವಿರಳ ದಿನಗಳಲ್ಲಿ ಅದರ ಅಗತ್ಯ ಬೀಳುವುದು ಕಡಿಮೆ.

6. ಪ್ರಯಾಣ

(ಅ) ಮೆಟ್ರೋ: ನೇರಳೆ ಮಾರ್ಗವು 2021ರ ಆಗಸ್ಟ್‌ನಲ್ಲಿ ಕೆಂಗೇರಿವರೆಗೂ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೂ ವಿಸ್ತರಣೆಗೊಂಡಿತು. ಆರ್‌ಪಿಸಿ ಲೇಔಟ್ ನಿವಾಸಿಗಳು ವಿಜಯನಗರ ಅಥವಾ ಅತ್ತಿಗುಪ್ಪೆ ನಿಲ್ದಾಣದಲ್ಲಿ ಹತ್ತಿ, ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣದಲ್ಲಿ ಇಳಿದು, ಬಿಡದಿ ಕಡೆಯ ಬಸ್ ಹಿಡಿಯಬಹುದು. ನಾಯಂಡಹಳ್ಳಿ ಜಂಕ್ಷನ್‌ನ ವಾಹನ ದಟ್ಟಣೆ ಇದರಿಂದ ತಪ್ಪುತ್ತದೆ. ಬೆಳಗಿನ ವೇಳೆ ಕಚೇರಿಗೆ ತೆರಳುವವರ ಮುಖ್ಯ ಹರಿವು ಮೆಜೆಸ್ಟಿಕ್, ವೈಟ್‌ಫೀಲ್ಡ್ ಕಡೆಗೆ ಇರುವುದರಿಂದ ಕೆಂಗೇರಿ ಕಡೆಯ ರೈಲುಗಳಲ್ಲಿ ಸ್ಥಳ ಸಿಗುವ ಸಾಧ್ಯತೆ ಹೆಚ್ಚು.

(ಆ) ಬಸ್: ಶಕ್ತಿ ಯೋಜನೆಯು 2023ರ ಜೂನ್ 11ರಿಂದ ಜಾರಿಯಲ್ಲಿದ್ದು, ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ. ವಿಳಾಸವಿರುವ ಗುರುತಿನ ಚೀಟಿ ಜೊತೆಯಲ್ಲಿರಬೇಕು.

(ಇ) ಸ್ವಂತ ವಾಹನ: ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಹಾಗೂ ಆಟೋಗಳನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಗಿದೆ. ಅಂತಹ ವಾಹನಗಳು ಸರ್ವಿಸ್ ರಸ್ತೆಯಲ್ಲಿಯೇ ಸಾಗತಕ್ಕದ್ದು. ಕಾರಿನಲ್ಲಿ ಹೋಗುವವರು ಬಿಡದಿಗೆ ಮೊದಲು ಮುಖ್ಯ ಪಥದಿಂದ ಹೊರಬರುವ ಸ್ಥಳವನ್ನು ಮುಂಚಿತವಾಗಿ ತಿಳಿದಿರಬೇಕು. ಭಾನುವಾರ ಸಂಜೆ ಮೈಸೂರು ಕಡೆಯಿಂದ ಹಿಂದಿರುಗುವ ವಾಹನಗಳೂ ಸೇರುವುದರಿಂದ, ಅಂದು ಉದ್ಯಾನ ಮುಚ್ಚುವ ಒಂದು ಗಂಟೆ ಮೊದಲೇ ಹೊರಡುವುದು ಉತ್ತಮ.

7. ಇತರ ಸ್ಥಳಗಳಿಗೆ ಅನ್ವಯ

ಇದೇ ವಿಧಾನವು ಇತರ ಸ್ಥಳಗಳಿಗೂ ಅನ್ವಯಿಸುತ್ತದೆ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೂ ಮೈಸೂರು ಮೃಗಾಲಯಕ್ಕೂ ಮಂಗಳವಾರ ವಾರದ ರಜೆ. ಜವಾಹರಲಾಲ್ ನೆಹರು ತಾರಾಲಯಕ್ಕೆ ಸೋಮವಾರ ರಜೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಗಳು ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನೋತ್ಸವದ ಆಸುಪಾಸಿನಲ್ಲಿ ನಡೆಯುತ್ತವೆ. ರಜಾದಿನವನ್ನು ಬಿಟ್ಟು ಪ್ರದರ್ಶನದ ನಡುವಿನ ವಾರದ ದಿನ ಬೆಳಿಗ್ಗೆಯೇ ಹೋದವರಿಗೆ ಹೂಗಳನ್ನು ನಿಂತು ನೋಡಲು ಅವಕಾಶ ಸಿಗುತ್ತದೆ.

8. ಸುರಕ್ಷತೆ

ಜನದಟ್ಟಣೆಯನ್ನು ಕೇವಲ ಅನಾನುಕೂಲವೆಂದು ಪರಿಗಣಿಸತಕ್ಕದ್ದಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಯಲ್ಲಿ ಸಂಭವಿಸಿದ ಅಗ್ನಿ ದುರಂತದಲ್ಲಿ 92 ಜನರು ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಉಂಟಾದ ಕಾಲ್ತುಳಿತದಲ್ಲಿ 11 ಜನರು ಪ್ರಾಣ ಕಳೆದುಕೊಂಡರು. ಸಂತೋಷಕ್ಕಾಗಿ ಮನೆಯಿಂದ ಹೊರಟವರೇ ಎರಡೂ ಸಂದರ್ಭಗಳಲ್ಲಿ ಬಲಿಯಾದರು. ಆದ್ದರಿಂದ ಜನ ಸೇರುವ ಯಾವುದೇ ಸ್ಥಳದಲ್ಲಿ ಕೆಳಕಂಡ ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು.

(1) ಒಳಗೆ ಹೋದ ಕೂಡಲೇ ಹೊರಹೋಗುವ ದಾರಿಗಳನ್ನು ಗುರುತಿಸಿಕೊಳ್ಳುವುದು.

(2) ಪೋಷಕರ ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ಸಣ್ಣ ಮಕ್ಕಳ ಜೇಬಿನಲ್ಲಿಡುವುದು. ನೀರಿನ ಆಟಗಳ ಬಳಿ ಮೊಬೈಲ್ ಲಾಕರಿನಲ್ಲಿ ಇರುವುದರಿಂದ, ತಪ್ಪಿಹೋದಲ್ಲಿ ಎಲ್ಲಿ ಸೇರಬೇಕೆಂಬುದನ್ನು ಎಲ್ಲರಿಗೂ ಮೊದಲೇ ತಿಳಿಸುವುದು.

(3) ನೂಕುನುಗ್ಗಲು ಕಂಡುಬಂದಲ್ಲಿ ಮುನ್ನುಗ್ಗದೆ, ಮಕ್ಕಳನ್ನು ಎತ್ತಿಕೊಂಡು ಅಂಚಿನ ಕಡೆಗೆ ಸರಿಯುವುದು. ಟಿಕೆಟಿನ ಹಣ ಹೋದರೂ ಹಿಂದಿರುಗಲು ಹಿಂಜರಿಯಬಾರದು.

(4) ಹೃದ್ರೋಗಿಗಳು, ಗರ್ಭಿಣಿಯರು, ಬೆನ್ನುನೋವು ಉಳ್ಳವರು ವೇಗದ ಆಟಗಳಿಂದ ದೂರವಿರುವುದು.

(5) ತುರ್ತು ಸಂದರ್ಭದಲ್ಲಿ 112, ಮಕ್ಕಳ ಸಹಾಯವಾಣಿಗೆ 1098, ಸೇವಾ ಲೋಪದ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದಾಗಿದೆ.

9. ಸಾರಾಂಶ

ಶಾಲೆಗಳು ನಡೆಯುತ್ತಿರುವ ಜೂನ್, ಜುಲೈ ತಿಂಗಳುಗಳು. ಮಂಗಳವಾರದಿಂದ ಗುರುವಾರದವರೆಗಿನ ದಿನಗಳು. ಉದ್ಯಾನ ತೆರೆದ ಮೊದಲ ಒಂದೂವರೆ ಗಂಟೆ. ಈ ಮೂರೂ ಕೂಡಿ ಬಂದಲ್ಲಿ ಅತ್ಯುತ್ತಮ. ಶಾಲಾ ಮಕ್ಕಳಿರುವ ಮನೆಗೆ ಮೂರೂ ಒಟ್ಟಿಗೆ ಕೂಡಿಬರುವುದು ವಿರಳ. ಆದರೆ ಯಾವುದಾದರೊಂದು ಎಲ್ಲರಿಗೂ ಸಾಧ್ಯ. ವೇಳೆ, ಶುಲ್ಕ ಮತ್ತು ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮೊದಲು ಸಂಬಂಧಪಟ್ಟ ಸಂಸ್ಥೆಯಲ್ಲಿ ಖಚಿತಪಡಿಸಿಕೊಳ್ಳುವುದು. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.